ಮಣೆಯ ಮಂತ್ರಿ, ಸಭೆಯ ಪೀಠ

ಚದುರಂಗದ ಮಣೆಯ ಮೇಲೆ ರಾಜನ ಪಕ್ಕದಲ್ಲಿ ನಿಲ್ಲುವ ಕಾಯಿಗೆ ಕನ್ನಡದಲ್ಲಿ ಮಂತ್ರಿ ಎಂದು ಹೆಸರು. ಇಂಗ್ಲಿಷ್ ಶಾಲೆಗಳಲ್ಲಿ ಕಲಿತ ಮಕ್ಕಳು ಅದನ್ನು ಕ್ವೀನ್ ಎನ್ನುತ್ತಾರೆ, ಮನೆಯ ಹಿರಿಯರು ಮಂತ್ರಿ ಎನ್ನುತ್ತಾರೆ. ಒಂದೇ ಜಗಲಿಯಲ್ಲಿ ಕುಳಿತ ಅಜ್ಜನೂ ಮೊಮ್ಮಗಳೂ ಒಂದೇ ಕಾಯಿಯನ್ನು ಎರಡು ಹೆಸರಿನಿಂದ ಕರೆಯುತ್ತಾ ಆಡಿ ಮುಗಿಸುತ್ತಾರೆ. (ಹಾಗೆಯೇ ನಮ್ಮ ಒಂಟೆ ಅವರಿಗೆ ಬಿಷಪ್. ಒಂಟೆಯೂ ಧರ್ಮಾಧ್ಯಕ್ಷರೂ ಓರೆಯಾಗಿಯೇ ನಡೆಯಬೇಕೆಂಬ ನಿಯಮವನ್ನು ಯಾರು ಮಾಡಿದರೋ, ಅದರ ಚರ್ಚೆ ಈ ಪತ್ರಿಕೆಯಲ್ಲಿ ಬೇಡ.) ಈ ಆಟ ನಮ್ಮ ದೇಶದಲ್ಲಿ ಹುಟ್ಟಿ ಪರ್ಷಿಯ ಹಾಗೂ ಅರಬ್ ನಾಡುಗಳ ಮೂಲಕ ಯೂರೋಪನ್ನು ಸೇರಿತೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಮಾತು. ಅಲ್ಲಿಯವರೆಗೂ ರಾಜನ ಮಗ್ಗುಲಲ್ಲಿ ಇದ್ದವನು ಸಲಹೆಗಾರನೇ. ಯೂರೋಪಿನ ಕ್ರೈಸ್ತ ನಾಡುಗಳಲ್ಲಿ ಆತನ ಮನೆಗೆ ರಾಣಿ ಬಂದು ನಿಂತಳು. ನಾವು ಮಾತ್ರ ಹಳೆಯ ಮಂತ್ರಿಯನ್ನು ಬಿಟ್ಟುಕೊಡಲಿಲ್ಲ.

ಹೀಗಿರುವಾಗ ಚದುರಂಗದಲ್ಲಿ ಹೆಸರು ಮಾಡಿದ ಹೆಣ್ಣುಮಗಳೊಬ್ಬಳು ಮುಂದೆ ನಿಜವಾಗಿಯೂ ಮಂತ್ರಿಯಾದಳೆಂದರೆ, ಆ ಸುದ್ದಿಯ ಸ್ವಾರಸ್ಯ ಕನ್ನಡಿಗನಿಗೆ ಆಗುವಷ್ಟು ಬೇರೆಯವರಿಗೆ ಆಗಲಿಕ್ಕಿಲ್ಲ. ಬಾಲ್ಟಿಕ್ ಸಮುದ್ರದ ದಡದಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಸಣ್ಣ ದೇಶಗಳಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಇಂತಹದು ಎರಡು ಬಾರಿ ನಡೆಯಿತು. ಆ ಇಬ್ಬರು ಮಹಿಳೆಯರ ಬಗ್ಗೆ ಬಂದಿರುವ ಬರಹಗಳನ್ನೂ, ಚದುರಂಗದ ರಾಣಿಯನ್ನು ಕುರಿತ ಒಂದು ಹೆಸರಾಂತ ಗ್ರಂಥವನ್ನೂ, ಮನೆಮನೆಗಳಲ್ಲಿ ನೋಡಿದ ಒಂದು ಧಾರಾವಾಹಿಯನ್ನೂ ಎದುರಿಗಿಟ್ಟುಕೊಂಡು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕೆನಿಸಿದೆ. ಇಂತಹ ಕಥೆಯನ್ನು ನಾವು ಹೇಳುವ ರೀತಿ ಸರಿಯಾಗಿದೆಯೇ? ನಮ್ಮ ಹೆಣ್ಣುಮಕ್ಕಳ ಮುಂದೆ ಇದನ್ನು ಇಡುವಾಗ ನಾವು ಏನನ್ನು ಹೊಗಳುತ್ತಿದ್ದೇವೆ?

ಮೊದಲನೆಯವರು ಲಾಟ್ವಿಯದ ದಾನಾ ರೈಜ್ನಿಯೆಟ್ಸೆ-ಓಜೊಲಾ. 1981ರಲ್ಲಿ ಹುಟ್ಟಿ, ಇಪ್ಪತ್ತರ ಹೊತ್ತಿಗೆ ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಆದವರು. ನಾಲ್ಕು ಮಕ್ಕಳ ತಾಯಿ. 2014ರಲ್ಲಿ ಅರ್ಥವ್ಯವಹಾರಗಳ ಮಂತ್ರಿಯಾಗಿ, 2016ರಿಂದ 2019ರ ಆರಂಭದವರೆಗೆ ಹಣಕಾಸು ಮಂತ್ರಿಯಾಗಿ ಇದ್ದರು. 2016ರ ಸೆಪ್ಟೆಂಬರಿನಲ್ಲಿ ಬಾಕು ನಗರದಲ್ಲಿ ನಡೆದ ಚದುರಂಗ ಒಲಿಂಪಿಯಾಡ್‌ಗೆ ಅವರು ರಜೆ ಹಾಕಿ ಹೋದರು. ಅಲ್ಲಿ ಅಂದಿನ ಮಹಿಳಾ ವಿಶ್ವ ಚಾಂಪಿಯನ್ ಚೀನದ ಹೌ ಯಿಫಾನ್ ಅವರನ್ನು ಸೋಲಿಸಿದರು. ಹಣಕಾಸು ಮಂತ್ರಿ ವಿಶ್ವ ಚಾಂಪಿಯನ್ನರನ್ನು ಸೋಲಿಸಿದ್ದು ಲೋಕದ ಪತ್ರಿಕೆಗಳಿಗೆಲ್ಲ ಹಬ್ಬವಾಯಿತು. ಆದರೆ ಅದೇ ಮಂತ್ರಿಯ ಕಾಲದಲ್ಲಿ ಲಾಟ್ವಿಯದ ತೆರಿಗೆ ಪದ್ಧತಿಯೇ ಬದಲಾಗಿ, 2018ರಿಂದ ಹೆಚ್ಚು ಗಳಿಸುವವನು ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುವ ಕ್ರಮ ಬಂತು. ಆ ದೇಶದ ಪ್ರತಿಯೊಂದು ಮನೆಯ ಸಂಬಳದ ಚೀಟಿಯನ್ನು ಮುಟ್ಟಿದ ಈ ಸಂಗತಿಗೆ ನಾನು ಓದಿದ ಬರಹಗಳಲ್ಲಿ ಸಿಕ್ಕ ಸಾಲುಗಳು ಎಷ್ಟು? ಒಂದು ಆಟಕ್ಕೆ ಸಿಕ್ಕಿದ್ದರಲ್ಲಿ ಕಾಲುಭಾಗವೂ ಇಲ್ಲ. ಹೆಣ್ಣಿನ ಸಾಧನೆಯನ್ನು ಮೆಚ್ಚುವ ನೆಪದಲ್ಲಿ ಆಕೆಯ ಕೆಲಸವನ್ನೇ ನೋಡದೆ ಹೋಗುವ ಬಗೆ ಇದು. ಹೊಗಳಿಕೆಯಲ್ಲಿಯೂ ಒಂದು ಅಲಕ್ಷ್ಯವಿರುತ್ತದೆ.

ಎರಡನೆಯವರ ಕಥೆ ಇನ್ನೂ ಆಳವಾದದ್ದು. ವಿಕ್ಟೋರಿಯಾ ಚ್ಮಿಲೀಟೆ-ನೀಲ್ಸನ್ 1983ರಲ್ಲಿ ಲಿಥುವೇನಿಯದ ಶೌಲೈ ಎಂಬ ಊರಿನಲ್ಲಿ ಹುಟ್ಟಿದರು. ಆ ಊರಿನ ಹೆಸರು ಕಥೋಲಿಕ ಓದುಗರಿಗೆ ಹೊಸದಾಗಿರಲಾರದು. ಅದರ ಸಮೀಪದಲ್ಲಿಯೇ ಶಿಲುಬೆಗಳ ಗುಡ್ಡವಿದೆ. ಅಲ್ಲಿಯ ಜನ ತಲೆಮಾರುಗಳಿಂದ ಹರಕೆಯಾಗಿ, ಸತ್ತವರ ನೆನಪಾಗಿ, ಗಡೀಪಾರಾದವರ ನೆನಪಾಗಿ ಒಂದೊಂದೇ ಶಿಲುಬೆಯನ್ನು ತಂದು ನೆಟ್ಟ ಗುಡ್ಡ. ಸೋವಿಯತ್ ಅಧಿಕಾರಿಗಳು 1961ರಲ್ಲಿ ಯಂತ್ರಗಳನ್ನು ತಂದು ಅದನ್ನು ನೆಲಸಮ ಮಾಡಿಸಿದರು. ಶಿಲುಬೆಗಳು ಮತ್ತೆ ಎದ್ದವು. 1973ರಲ್ಲಿ, 1975ರಲ್ಲಿ ಮತ್ತೆ ಕಿತ್ತುಹಾಕಿದರು. ರಾತ್ರಿಯ ಕತ್ತಲಲ್ಲಿ ಜನ ಮತ್ತೆ ನೆಟ್ಟರು. 1993ರ ಸೆಪ್ಟೆಂಬರಿನಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅಲ್ಲಿಗೆ ಬಂದು ಬಲಿಪೂಜೆ ಅರ್ಪಿಸಿದಾಗ ವಿಕ್ಟೋರಿಯಾ ಹತ್ತು ವರ್ಷದ ಬಾಲಕಿ. ಸೋವಿಯತ್ ಆಡಳಿತ ಆ ಊರಿಗೆ ಎರಡನ್ನು ಬಿಟ್ಟುಹೋಗಿತ್ತು: ಕಿತ್ತರೂ ಮುಗಿಯದ ಶಿಲುಬೆಗಳು, ಮತ್ತು ಚದುರಂಗವನ್ನು ಶಾಲೆಯ ಪಾಠದಷ್ಟೇ ಗಂಭೀರವಾಗಿ ಕಲಿಸುವ ಪದ್ಧತಿ. ಒಂದನ್ನು ಬೇಡವೆಂದರೂ ಉಳಿಸಿಹೋದರು, ಇನ್ನೊಂದನ್ನು ಬೇಕೆಂದೇ ಕೊಟ್ಟರು.

2000ದಲ್ಲಿ ಆಕೆ ಪುರುಷರೂ ಆಡುವ ಲಿಥುವೇನಿಯ ರಾಷ್ಟ್ರೀಯ ಪಂದ್ಯಾವಳಿಯನ್ನು ಗೆದ್ದರು, 2005ರಲ್ಲಿ ಮತ್ತೊಮ್ಮೆ. 2010ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಪದವಿ ಬಂತು. ಇದು ಮಹಿಳೆಯರಿಗಾಗಿ ಬೇರೆ ಇಟ್ಟಿರುವ ಪದವಿಯಲ್ಲ, ಎಲ್ಲರಿಗೂ ಒಂದೇ ಅಳತೆಯದು. 2011ರಲ್ಲಿ ತ್ಬಿಲಿಸಿಯಲ್ಲಿ ಯೂರೋಪಿನ ಮಹಿಳಾ ಚಾಂಪಿಯನ್ ಆದರು. 2015ರಲ್ಲಿ ಲಿಬರಲ್ ಮೂವ್‌ಮೆಂಟ್ ಪಕ್ಷದಿಂದ ಸೈಮಾಸ್ ಎಂದು ಕರೆಯಲಾಗುವ ಸಂಸತ್ತನ್ನು ಪ್ರವೇಶಿಸಿದರು. ಮರುವರ್ಷವೇ ಆ ಪಕ್ಷದ ನಾಯಕನ ಮೇಲೆ ಲಂಚದ ಆರೋಪ ಬಂದು ಆತ ಹುದ್ದೆ ಬಿಟ್ಟನು; ಮನೆಗೆ ಬೆಂಕಿ ಬಿದ್ದಾಗ ಬಂದ ಸೊಸೆಯ ಪಾಡು ಆಕೆಯದಾಯಿತು. 2019ರಲ್ಲಿ ಪಕ್ಷದ ಮುಂದಾಳತ್ವವನ್ನು ವಹಿಸಿಕೊಂಡರು. 2020ರ ಚುನಾವಣೆಯ ನಂತರ ಮೂರು ಪಕ್ಷಗಳು ಕೂಡಿ ಸರಕಾರ ರಚಿಸಿದವು. ಪ್ರಧಾನಿ ಇಂಗ್ರಿದಾ ಶಿಮೊನೀಟೆ ಮಹಿಳೆ, ಜೊತೆಗೂಡಿದ ಎರಡು ಪಕ್ಷಗಳ ಅಧ್ಯಕ್ಷರೂ ಮಹಿಳೆಯರು. ಆ ವರ್ಷದ ನವೆಂಬರಿನಲ್ಲಿ ಚ್ಮಿಲೀಟೆ-ನೀಲ್ಸನ್ 141 ಸದಸ್ಯರ ಸೈಮಾಸಿನ ಸಭಾಧ್ಯಕ್ಷೆಯಾಗಿ ಆಯ್ಕೆಯಾದರು. 1991ರ ಜನವರಿಯಲ್ಲಿ ಸೋವಿಯತ್ ಟ್ಯಾಂಕುಗಳು ವಿಲ್ನಿಯುಸ್ ನಗರಕ್ಕೆ ಬಂದಾಗ ನಿಶ್ಶಸ್ತ್ರರಾದ ಜನಸಾಮಾನ್ಯರು ಚಳಿಯಲ್ಲಿ ಸುತ್ತುಗಟ್ಟಿ ನಿಂತು ಕಾಯ್ದದ್ದು ಇದೇ ಸಂಸತ್ತನ್ನು.

ನಮ್ಮ ದೇಶಕ್ಕೂ ಆಕೆಯ ಮನೆಗೂ ಒಂದು ಎಳೆಯ ಸಂಬಂಧವಿದೆ. ಆಕೆಯ ಪತಿ, ಡೆನ್ಮಾರ್ಕಿನ ಗ್ರ್ಯಾಂಡ್‌ಮಾಸ್ಟರ್ ಪೀಟರ್ ಹೈನೆ ನೀಲ್ಸನ್, ನಮ್ಮ ವಿಶ್ವನಾಥನ್ ಆನಂದ್ ವಿಶ್ವ ಕಿರೀಟಕ್ಕಾಗಿ ಆಡಿದ ಪಂದ್ಯಗಳಲ್ಲಿ ಹಲವು ವರ್ಷ ಅವರ ಸಹಾಯಕರಾಗಿ ದುಡಿದವರು. 2022ರ ಆಗಸ್ಟಿನಲ್ಲಿ ಚೆನ್ನೈಯಲ್ಲಿ ವಿಶ್ವ ಚದುರಂಗ ಸಂಸ್ಥೆಯ ಚುನಾವಣೆ ನಡೆದಾಗ ಅದೇ ಇಬ್ಬರು ಎದುರುಬದುರಾದರು. ರಷ್ಯದ ಮಾಜಿ ಉಪಪ್ರಧಾನಿ ದ್ವೋರ್ಕೋವಿಚ್ ಅವರ ಜೊತೆಯಲ್ಲಿ ಆನಂದ್, ಉಕ್ರೇನಿನ ಅಭ್ಯರ್ಥಿಯ ಜೊತೆಯಲ್ಲಿ ನೀಲ್ಸನ್. ಗೆಲುವು ಭಾರಿ ಅಂತರದಿಂದ ಮೊದಲನೆಯವರದು. ಮಣೆಯ ಮೇಲೆ ವರ್ಷಗಟ್ಟಲೆ ಒಂದೇ ಪಕ್ಷದಲ್ಲಿದ್ದವರು ಮಣೆಯ ಹೊರಗೆ ಒಂದಾಗಿರಲಿಲ್ಲ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಚ್ಮಿಲೀಟೆ-ನೀಲ್ಸನ್ ಬಗ್ಗೆ ಬರೆಯುವವರು ಬಹುಮಟ್ಟಿಗೆ ಹಿಡಿಯುವ ದಾರಿ ಒಂದೇ. ರಾಜಕೀಯವೂ ಒಂದು ಚದುರಂಗ, ಆದ್ದರಿಂದ ಚದುರಂಗ ಬಲ್ಲವರಿಗೆ ರಾಜಕೀಯ ಸಲೀಸು. ನಮ್ಮ ಕನ್ನಡ ಪತ್ರಿಕೆಗಳಿಗೂ ರಾಜಕೀಯ ಚದುರಂಗ ಎಂಬ ಮಾತು ಸವೆದ ನಾಣ್ಯ. ಹತ್ತು ಶಾಸಕರು ಪಕ್ಷ ಬಿಟ್ಟರೆ ಅದು ಚದುರಂಗ, ಒಬ್ಬನಿಗೆ ಟಿಕೆಟ್ ತಪ್ಪಿದರೆ ಅದೂ ಚದುರಂಗ. ವಿಶ್ವ ಚಾಂಪಿಯನ್ ಆಗಿದ್ದ ಗ್ಯಾರಿ ಕಾಸ್ಪರೋವ್ ಬದುಕೇ ಚದುರಂಗವನ್ನು ಅನುಕರಿಸುತ್ತದೆ ಎಂಬ ಅರ್ಥದ ಹೆಸರಿನಲ್ಲಿ 2007ರಲ್ಲಿ ಒಂದು ಪುಸ್ತಕವನ್ನೇ ತಂದರು. ಅದೇ ವರ್ಷ ರಷ್ಯದ ರಾಜಕೀಯಕ್ಕೆ ಇಳಿದಿದ್ದ ಅವರನ್ನು ಪೊಲೀಸರು ಬಂಧಿಸಿದರು. ಮಣೆಯ ಮೇಲೆ ಯಾರನ್ನೂ ಹಾಗೆ ಬಂಧಿಸುವ ನಿಯಮವಿಲ್ಲ.

ಈ ಹೋಲಿಕೆ ಏಕೆ ನಿಲ್ಲುವುದಿಲ್ಲ? ಚದುರಂಗದಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಇಬ್ಬರಿಗೂ ಮೂವತ್ತೆರಡು ಕಾಯಿಗಳು ಕಾಣುತ್ತವೆ, ನಿಯಮ ಇಬ್ಬರಿಗೂ ಒಂದೇ, ಗಡಿಯಾರವೂ ಒಂದೇ. ಸಂಸತ್ತಿನಲ್ಲಿ ಕಾಣುವುದಕ್ಕಿಂತ ಕಾಣದ್ದೇ ಹೆಚ್ಚು. ಆದರೂ ಇದು ಸಣ್ಣ ವ್ಯತ್ಯಾಸ. ದೊಡ್ಡ ವ್ಯತ್ಯಾಸ ಕಾಲಾಳುಗಳಲ್ಲಿದೆ. ಮಣೆಯ ಮೇಲಿನ ಕಾಲಾಳಿಗೆ ನೋವಿಲ್ಲ. ಅದನ್ನು ಕೊಟ್ಟು ಆನೆಯನ್ನು ಪಡೆಯುವುದು ಜಾಣತನ. ಮಂತ್ರಿಯನ್ನೇ ಕೊಟ್ಟು ಗೆದ್ದರೆ ನೋಡುವವರು ಕೈತಟ್ಟುತ್ತಾರೆ. ಮನುಷ್ಯರ ಸಭೆಯಲ್ಲಿ ಇದೇ ಲೆಕ್ಕವನ್ನು ಮಾಡಿದವನೊಬ್ಬನ ಹೆಸರು ನಮ್ಮ ಶುಭಸಂದೇಶದಲ್ಲಿಯೇ ಇದೆ. ಯೊವಾನ್ನನ ಶುಭಸಂದೇಶದ ಹನ್ನೊಂದನೆಯ ಅಧ್ಯಾಯದಲ್ಲಿ ಸಭೆ ಸೇರಿದ ಹಿರಿಯರಿಗೆ ಪ್ರಧಾನ ಯಾಜಕ ಕಾಯಫನು ಕೊಟ್ಟ ಸಲಹೆ ಏನು? ಇಡೀ ಜನಾಂಗ ಉಳಿಯುವುದಾದರೆ ಒಬ್ಬನು ಹೋಗುವುದೇ ಲಾಭವೆಂಬ ಲೆಕ್ಕ. ಚದುರಂಗದ ದೃಷ್ಟಿಯಿಂದ ಅದರಲ್ಲಿ ಒಂದು ತಪ್ಪೂ ಇಲ್ಲ. ಅದಕ್ಕೆ ವಿರುದ್ಧವಾಗಿ ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಒಂದನ್ನು ಹುಡುಕಿಕೊಂಡು ಹೋದ ಕುರಿಗಾಹಿಯ ನಡೆ ಇದೆಯಲ್ಲ, ಅದನ್ನು ಯಾವ ಚದುರಂಗದ ಗುರುವೂ ಶಿಷ್ಯನಿಗೆ ಹೇಳಿಕೊಡಲಾರನು. ರಾಜಕೀಯವನ್ನು ಚದುರಂಗವೆಂದು ಕರೆಯುವವನು ತನಗೆ ತಿಳಿಯದಂತೆಯೇ ಕಾಯಫನ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ.

ಇನ್ನೂ ಒಂದು ಸಂಗತಿಯನ್ನು ಬರಹಗಾರರು ಗಮನಿಸಿದಂತಿಲ್ಲ. ಸಭಾಧ್ಯಕ್ಷರ ಪೀಠದಲ್ಲಿ ಕುಳಿತವರು ಆಟಗಾರರೇ ಅಲ್ಲ. ಅವರು ತೀರ್ಪುಗಾರರು. ಯಾರ ಸರದಿ, ಯಾರ ಸಮಯ ಮುಗಿಯಿತು, ಯಾವುದು ನಿಯಮ ಮೀರಿದ ಮಾತು ಎಂಬುದನ್ನು ಹೇಳುವವರು. ಬದುಕಿನ ಮೂರು ದಶಕ ಗೆಲ್ಲಲು ಕಲಿತವಳು ಗೆಲ್ಲಬಾರದ ಕುರ್ಚಿಯಲ್ಲಿ ಕುಳಿತುಕೊಳ್ಳಬೇಕಾಯಿತು. ನನಗೆ ಈ ಕಥೆಯಲ್ಲಿ ಅತ್ಯಂತ ಕುತೂಹಲದ ಸ್ಥಳ ಇದು. ನಮ್ಮ ಕಡೆಯಲ್ಲಿಯೂ ಅಂತಹ ಪೀಠದಲ್ಲಿ ಮಹಿಳೆಯರು ಕುಳಿತಿದ್ದಾರೆ. ಉತ್ತರ ಕನ್ನಡದ ಜನರನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದ ಜೋಕಿಂ ಆಳ್ವರ ಪತ್ನಿ ವಯೊಲೆಟ್ ಆಳ್ವರು 1962ರಿಂದ 1969ರವರೆಗೆ ರಾಜ್ಯಸಭೆಯ ಉಪಸಭಾಪತಿಯಾಗಿದ್ದರು. ಕೆ.ಎಸ್. ನಾಗರತ್ನಮ್ಮನವರು 1972ರಲ್ಲಿ ನಮ್ಮ ವಿಧಾನಸಭೆಯ ಸಭಾಧ್ಯಕ್ಷರಾದರು. ಅವರ ನಂತರ ಆ ಪೀಠ ಮತ್ತೊಬ್ಬ ಮಹಿಳೆಯನ್ನು ಕಂಡಿಲ್ಲ. ಇಬ್ಬರಿಗೂ ಚದುರಂಗದ ಹೋಲಿಕೆ ಬೇಕಾಗಲಿಲ್ಲ. ಖರ್ಜೂರದ ಮರದ ಕೆಳಗೆ ಕುಳಿತು ಇಸ್ರಯೇಲರಿಗೆ ನ್ಯಾಯ ತೀರಿಸಿದ ದೆಬೋರಳಿಗೂ ಬೇಕಾಗಿರಲಿಲ್ಲ.

ಈಗ ಗ್ರಂಥದ ಮಾತಿಗೆ ಬರೋಣ. ಅಮೆರಿಕದ ವಿದುಷಿ ಮ್ಯಾರಿಲಿನ್ ಯಾಲಮ್ 2004ರಲ್ಲಿ ಚದುರಂಗದ ರಾಣಿಯ ಜನನವನ್ನು ಕುರಿತು ಒಂದು ಸೊಗಸಾದ ಪುಸ್ತಕವನ್ನು ಬರೆದರು. ರಾಣಿ ಎಂಬ ಕಾಯಿಯ ಅತ್ಯಂತ ಹಳೆಯ ಉಲ್ಲೇಖ ಸಿಗುವುದು ಸ್ವಿಟ್ಜರ್ಲೆಂಡಿನ ಐನ್ಸೀಡೆಲ್ನ್ ಸನ್ಯಾಸಿ ಮಠದ ಹಸ್ತಪ್ರತಿಯೊಂದರಲ್ಲಿ, ಸುಮಾರು ಸಾವಿರದ ಇಸವಿಯ ಆಸುಪಾಸಿನ ಒಂದು ಲತೀನ್ ಪದ್ಯದಲ್ಲಿ. ಪೂಜೆ ಪ್ರಾರ್ಥನೆಗಳ ನಡುವೆ ಮಠದಲ್ಲಿದ್ದ ಯಾರೋ ಒಬ್ಬರು ಆಟದ ನಿಯಮಗಳನ್ನು ಬರೆದಿಟ್ಟದ್ದರಿಂದ ಈ ಇತಿಹಾಸ ನಮಗೆ ತಿಳಿಯಿತು. ಮೊದಮೊದಲು ಆ ರಾಣಿ ಬಡಪಾಯಿ. ಓರೆಯಾಗಿ ಒಂದೇ ಮನೆ ಸರಿಯಬಲ್ಲವಳು. ಹದಿನೈದನೆಯ ಶತಮಾನದ ಕೊನೆಯಲ್ಲಿ ಸ್ಪೇನಿನಲ್ಲಿ ನಿಯಮ ಬದಲಾಗಿ ಆಕೆ ಎಲ್ಲ ದಿಕ್ಕಿಗೂ ಎಷ್ಟು ದೂರ ಬೇಕಾದರೂ ಹೋಗುವವಳಾದಳು. ಅದೇ ಕಾಲದಲ್ಲಿ ಕಾಸ್ತೀಲಿನ ಸಿಂಹಾಸನದಲ್ಲಿ ಇಸಬೆಲ್ಲಾ ರಾಣಿ ಇದ್ದಳು. ಆದ್ದರಿಂದ ಸಿಂಹಾಸನದ ರಾಣಿಯರ ಬಲದಿಂದಲೇ ಮಣೆಯ ರಾಣಿಗೆ ಬಲ ಬಂತೆಂಬುದು ಯಾಲಮ್ ಅವರ ವಾದದ ತಿರುಳು.

ಪುಸ್ತಕದ ಶ್ರಮವನ್ನು ಮೆಚ್ಚಲೇಬೇಕು. ವಾದವನ್ನು ಮಾತ್ರ ಪೂರ್ತಿ ಒಪ್ಪಲಾರೆ. ಎರಡು ಸಂಗತಿಗಳು ಒಂದೇ ಕಾಲದಲ್ಲಿ ಇದ್ದವೆಂದರೆ ಒಂದರಿಂದ ಇನ್ನೊಂದು ಆಯಿತೆಂದು ಹೇಳುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಾಯಿಗೆ ಬಲ ಬಂದರೆ ಹೆಣ್ಣಿಗೆ ಬಲ ಬಂದಂತಾಗುವುದೇ? ರಾಣಿ ಮಣೆಯ ಮೇಲೆ ಎಲ್ಲ ಕಡೆ ಓಡಾಡತೊಡಗಿದ ಮೇಲೆ ನಾಲ್ಕು ಶತಮಾನಗಳ ಕಾಲ ದೊಡ್ಡ ಪಂದ್ಯಗಳಲ್ಲಿ ಆ ರಾಣಿಯನ್ನು ನಡೆಸಿದ ಕೈಗಳು ಗಂಡಸರವೇ. ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ಆರಂಭವಾದದ್ದು 1927ರಲ್ಲಿ. ಕಾಯಿಗೂ ಆಟಗಾರ್ತಿಗೂ ಇರುವ ಈ ಅಂತರವನ್ನು ಯಾಲಮ್ ಇನ್ನಷ್ಟು ಒತ್ತಿ ಹೇಳಬೇಕಿತ್ತು. ಇದರ ಬೆನ್ನಿಗೆ ನಮ್ಮ ಮೈಸೂರಿನ ಒಂದು ವಿಪರ್ಯಾಸವೂ ನೆನಪಾಗುತ್ತದೆ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಗ್ರಂಥ, ಕಲೆ, ಆಟಗಳ ಲೋಕದಲ್ಲಿ ಮುಳುಗಿ, ಕುದುರೆ ಒಂದೂ ಮನೆ ಬಿಡದೆ ಮಣೆಯನ್ನೆಲ್ಲ ಸುತ್ತಿಬರುವ ಲೆಕ್ಕಗಳನ್ನು ಹೆಣೆದರು. ರಾಜ್ಯದಲ್ಲಿ ನಡೆ ಕಳೆದುಕೊಂಡ ದೊರೆಗೆ ಮಣೆಯ ಮೇಲೆ ಅರವತ್ತನಾಲ್ಕು ಮನೆಗಳೂ ತೆರೆದಿದ್ದವು. ಮಣೆಯ ಬಲವೇ ಬೇರೆ, ಮಣ್ಣಿನ ಬಲವೇ ಬೇರೆ.

ಧಾರಾವಾಹಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಾಲ್ಟರ್ ಟೆವಿಸ್ 1983ರಲ್ಲಿ ಬರೆದ ಕ್ವೀನ್ಸ್ ಗ್ಯಾಂಬಿಟ್ ಕಾದಂಬರಿಯನ್ನು ಆಧರಿಸಿ 2020ರಲ್ಲಿ ಬಂದ ಅದನ್ನು ನಮ್ಮ ಯುವಜನರು ಲಾಕ್‌ಡೌನ್ ಕಾಲದಲ್ಲಿ ಬಿಡದೆ ನೋಡಿದರು. ಅನಾಥಾಲಯದ ಹುಡುಗಿ ಬೆತ್ ನೆಲಮಾಳಿಗೆಯಲ್ಲಿ ಕೆಲಸದಾಳಿನಿಂದ ಆಟ ಕಲಿತು ಲೋಕ ಗೆಲ್ಲುವ ಕಥೆ. ನಟನೆ, ದೃಶ್ಯ, ಎಲ್ಲವೂ ಚೆನ್ನ. ಆದರೆ ಒಂದು ಸಂದರ್ಭವನ್ನು ಕ್ರೈಸ್ತರಾದ ನಾವು ಸ್ವಲ್ಪ ತಲೆತಗ್ಗಿಸಿಕೊಂಡೇ ನೋಡಬೇಕು. ಆಕೆ ಮಾಸ್ಕೋಗೆ ಹೋಗಲು ಹಣ ಕೊಡುವ ಕ್ರೈಸ್ತ ಸಂಘವೊಂದು ಅದಕ್ಕೆ ಪ್ರತಿಯಾಗಿ ಕಮ್ಯುನಿಸಮ್ಮಿನ ವಿರುದ್ಧ ತಾವು ಬರೆದುಕೊಟ್ಟ ಹೇಳಿಕೆಯನ್ನು ಓದಬೇಕೆಂದು ಕೇಳುತ್ತದೆ. ಬೆತ್ ಹಣವನ್ನು ಹಿಂದಿರುಗಿಸುತ್ತಾಳೆ. ದಾನ ಕೊಡುವ ಕೈ ಇನ್ನೊಬ್ಬರ ನಾಲಿಗೆಯನ್ನು ಕೊಳ್ಳಲು ಹೊರಟದ್ದು ಕಾಲ್ಪನಿಕ ಕಥೆಯಲ್ಲಿ ಮಾತ್ರ ನಡೆಯುವುದಲ್ಲ. ಇನ್ನೊಂದು ದೋಷ ಧಾರಾವಾಹಿಯದೇ. ಜಾರ್ಜಿಯದ ನೋನಾ ಗಪ್ರಿಂದಾಶ್ವಿಲಿ 1962ರಿಂದ 1978ರವರೆಗೆ ಮಹಿಳಾ ವಿಶ್ವ ಚಾಂಪಿಯನ್, ಗ್ರ್ಯಾಂಡ್‌ಮಾಸ್ಟರ್ ಪದವಿ ಪಡೆದ ಮೊದಲ ಮಹಿಳೆ. ಅವರು ಪುರುಷರೊಡನೆ ಆಡಿದ್ದೇ ಇಲ್ಲವೆಂದು ಅದರಲ್ಲಿ ಒಂದು ಮಾತು ಬರುತ್ತದೆ. ಹತ್ತಾರು ಪುರುಷರೊಡನೆ ಆಡಿದ್ದ ಆ ಹಿರಿಯ ತಾಯಿ 2021ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ನ್ಯಾಯಾಲಯಕ್ಕೆ ಹೋದರು; ಮರುವರ್ಷ ರಾಜಿಯಾಯಿತು. ಕಲ್ಪನೆಯ ಹೆಣ್ಣನ್ನು ಎತ್ತರಿಸಲು ನಿಜವಾದ ಹೆಣ್ಣನ್ನು ಕುಗ್ಗಿಸಬೇಕಾಯಿತೆಂಬುದು ಆ ಕಥೆಯ ಒಳಗಿನ ಬಡತನ. ಕಥೆ ಗೆಲುವಿನಲ್ಲಿ ಮುಗಿಯುತ್ತದೆ. ಗೆದ್ದ ಮೇಲೆ ಏನು ಮಾಡಬೇಕೆಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಈ ಎಲ್ಲವನ್ನೂ ಓದಿ, ನೋಡಿ ಮುಗಿಸಿದ ಮೇಲೆ ನನಗೆ ನೆಮ್ಮದಿ ಕೊಟ್ಟದ್ದು ಒಬ್ಬ ಕನ್ಯಾಸ್ತ್ರೀಯ ಒಂದೆರಡು ಪುಟ. ಆವಿಲಾದ ಸಂತ ತೆರೇಸಾ ತನ್ನ ಮಠದ ಸೋದರಿಯರಿಗಾಗಿ 1566ರ ಸುಮಾರಿಗೆ ಬರೆದ ಪರಿಪೂರ್ಣತೆಯ ಮಾರ್ಗ ಎಂಬ ಗ್ರಂಥದಲ್ಲಿ ಪ್ರಾರ್ಥನೆಯನ್ನು ವಿವರಿಸುತ್ತಾ ಇದ್ದಕ್ಕಿದ್ದಂತೆ ಚದುರಂಗದ ಮಾತನ್ನು ಎತ್ತುತ್ತಾಳೆ. ಕಾಯಿಗಳನ್ನು ಜೋಡಿಸಲು ಬಾರದವರಿಗೆ ಆಟ ಹೇಗೆ ಬಂದೀತು ಎಂಬಂತೆ ಆರಂಭಿಸಿ, ಮಠದಲ್ಲಿ ಇರದ, ಇರಕೂಡದ ಆಟದ ವಿಚಾರವನ್ನು ನಿಮ್ಮ ತಾಯಿ ಹೇಳುತ್ತಿದ್ದಾಳೆ ನೋಡಿ ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಾಳೆ. ಹಿಂದೊಮ್ಮೆ ತಾನು ಇಂತಹ ವ್ಯರ್ಥ ವಿದ್ಯೆಯನ್ನು ಬಲ್ಲವಳಾಗಿದ್ದೆನೆಂದು ಒಪ್ಪಿಕೊಳ್ಳುತ್ತಾಳೆ. ಆಮೇಲೆ ಬರುವ ಹೋಲಿಕೆ ಅಪೂರ್ವವಾದದ್ದು. ಮಣೆಯ ಮೇಲೆ ರಾಜನನ್ನು ಹೆಚ್ಚು ಕಾಡುವವಳು ರಾಣಿ. ದೇವರೆಂಬ ರಾಜನನ್ನು ಕಟ್ಟಿಹಾಕಬಲ್ಲ ರಾಣಿ ಯಾರು? ದೀನತೆ. ಆತನನ್ನು ಸ್ವರ್ಗದಿಂದ ಕನ್ಯಾಮರಿಯಮ್ಮನವರ ಗರ್ಭಕ್ಕೆ ಇಳಿಸಿದ್ದು ಆ ದೀನತೆಯೇ ಎಂಬುದು ಆಕೆಯ ವಿವರಣೆ.

ಆಕೆ ಬರೆದ ಕಾಲವನ್ನು ಗಮನಿಸಬೇಕು. ರಾಣಿಗೆ ಹೊಸ ಬಲ ಬಂದು ಆಗ ನೂರು ವರ್ಷವೂ ಆಗಿರಲಿಲ್ಲ, ಬಂದದ್ದೂ ಆಕೆಯ ನಾಡಿನಲ್ಲಿಯೇ. ಆ ಬಲವನ್ನು ಕಂಡವಳು ಅದನ್ನು ತಲೆಕೆಳಗಾಗಿಸಿದಳು. ಇಲ್ಲಿ ಎದುರಾಳಿಯಾದ ರಾಜನು ಸೋಲಲು ತಾನೇ ಕಾದು ಕುಳಿತಿದ್ದಾನೆ. ಸೋತವನೂ ಗೆದ್ದವಳೂ ಒಂದೇ ಮನೆಯವರಾಗುವ ಆಟ ಇದು. ಇದನ್ನು ಓದಿ ತೆರೇಸಾ ಲೋಕದ ವ್ಯವಹಾರ ತಿಳಿಯದ ಮಠವಾಸಿನಿ ಎಂದುಕೊಂಡರೆ ತಪ್ಪಾದೀತು. ಹದಿನೇಳು ಮಠಗಳನ್ನು ಸ್ಥಾಪಿಸಿದವಳು. ಜಮೀನಿನ ಪತ್ರ, ಸಾಲ, ವ್ಯಾಜ್ಯ, ನಗರಸಭೆಯ ವಿರೋಧ ಎಲ್ಲವನ್ನೂ ಎದುರಿಸಿದವಳು. ಎರಡನೆಯ ಫಿಲಿಪ್ ದೊರೆಗೇ ನೇರವಾಗಿ ಕಾಗದ ಬರೆದವಳು. ಜಗದ್ಗುರುಗಳ ಪ್ರತಿನಿಧಿಯಾಗಿ ಬಂದಿದ್ದ ಫಿಲಿಪ್ಪೊ ಸೇಗಾ ಎಂಬ ಧರ್ಮಾಧ್ಯಕ್ಷರು ಆಕೆಯನ್ನು ಒಂದು ಕಡೆ ನಿಲ್ಲದೆ ಅಲೆಯುವ ಹೆಂಗಸೆಂದು ಜರೆದರು. ಸುಮಾರು ನಾಲ್ಕು ಶತಮಾನಗಳ ನಂತರ, 1970ರಲ್ಲಿ, ಧರ್ಮಸಭೆ ಆಕೆಯನ್ನು ಧರ್ಮಪಂಡಿತೆ ಎಂದು ಸಾರಿತು. ಆ ಗೌರವ ಪಡೆದ ಮೊದಲ ಮಹಿಳೆ ಆಕೆ. ಅದಕ್ಕೂ ಮುಂಚೆ, 1944ರಲ್ಲಿ, ಸ್ಪೇನಿನ ಚದುರಂಗ ಆಟಗಾರರು ಆಕೆಯನ್ನು ತಮ್ಮ ಪಾಲಕ ಸಂತಳನ್ನಾಗಿ ಪಡೆದಿದ್ದರು.

ಈಗ ಒಂದು ಕಷ್ಟದ ಮಾತು. ಇದನ್ನು ಬಿಟ್ಟು ಲೇಖನವನ್ನು ಮುಗಿಸಿದರೆ ಓದುಗರಿಗೆ ವಂಚನೆಯಾಗುತ್ತದೆ. ಚ್ಮಿಲೀಟೆ-ನೀಲ್ಸನ್ ಅವರ ಪಕ್ಷ ಉದಾರವಾದಿ ಪಕ್ಷ. ಅದು ಪಾಲುಗೊಂಡ ಒಕ್ಕೂಟವು ಸಲಿಂಗ ಜೋಡಿಗಳ ಸಹಜೀವನಕ್ಕೆ ಕಾನೂನಿನ ಮನ್ನಣೆ ಕೊಡುವ ಮಸೂದೆಯನ್ನು ತಂದಿತು, ಅವರು ಅದನ್ನು ಬೆಂಬಲಿಸಿದರು. ಲಿಥುವೇನಿಯದ ಧರ್ಮಾಧ್ಯಕ್ಷರು ವಿರೋಧಿಸಿದರು. 2021ರ ಮೇ ತಿಂಗಳಲ್ಲಿ ಸಾವಿರಾರು ಜನ ಕುಟುಂಬದ ಹೆಸರಿನಲ್ಲಿ ವಿಲ್ನಿಯುಸ್‌ನಲ್ಲಿ ಸೇರಿದರು. ಅದೇ ತಿಂಗಳು ಮಸೂದೆ ಕೆಲವೇ ಮತಗಳ ಕೊರತೆಯಿಂದ ಮೊದಲ ಹಂತದಲ್ಲಿಯೇ ಬಿದ್ದಿತು. ಈ ಮಾಸಿಕವನ್ನು ಓದುವ ಬಹಳ ಮಂದಿಗೆ, ಇದನ್ನು ಬರೆಯುತ್ತಿರುವ ನನಗೂ, ಆ ವಿಷಯದಲ್ಲಿ ಧರ್ಮಾಧ್ಯಕ್ಷರ ನಿಲುವೇ ಸರಿಯೆನಿಸುತ್ತದೆ. ಹಾಗಾದರೆ ಇಂತಹವರ ಕಥೆಯನ್ನು ನಮ್ಮ ಪುಟಗಳಲ್ಲಿ ಏಕೆ ಹೇಳಬೇಕೆಂದು ಯಾರಾದರೂ ಕೇಳಬಹುದು.

ನಮ್ಮ ಪತ್ರಿಕೆಗಳ ವ್ಯಕ್ತಿಚಿತ್ರಗಳಿಗೆ ಒಂದು ಹಳೆಯ ಕಾಯಿಲೆಯಿದೆ. ಮೆಚ್ಚಿದವರನ್ನು ಸಂತರ ಸಾಲಿಗೆ ಸೇರಿಸುತ್ತೇವೆ. ಒಪ್ಪದವರ ಹೆಸರನ್ನೇ ಎತ್ತುವುದಿಲ್ಲ. ಅಲ್ಲಿಗೆ ನಾವೂ ಕಪ್ಪು ಬಿಳಿ ಎರಡೇ ಬಣ್ಣದ ಮಣೆಯನ್ನು ಹಾಸಿದಂತಾಯಿತು. ಒಬ್ಬ ಸಭಾಧ್ಯಕ್ಷೆಯ ಯೋಗ್ಯತೆಯನ್ನು ಅಳೆಯಬೇಕಾದದ್ದು ಆಕೆ ನಮ್ಮ ಪರವಾಗಿ ಮತ ಹಾಕಿದಳೇ ಎಂಬುದರಿಂದಲ್ಲ. ತನಗೆ ಪ್ರಿಯವಾದ ಮಸೂದೆ ತನ್ನ ಕಣ್ಣೆದುರೇ ಬಿದ್ದಾಗ ಆ ಎಣಿಕೆ ಎಣಿಕೆಯಾಗಿಯೇ ಉಳ��ಯಿತೇ ಎಂಬುದರಿಂದ. ಅದು ಉಳಿಯಿತು. ಒಂದು ವರ್ಷದ ಮೇಲೆ, 2022ರ ಮೇ 10ರಂದು, ಅದೇ ಸಭೆ ಉಕ್ರೇನಿನಲ್ಲಿ ನಡೆಯುತ್ತಿದ್ದ ಯುದ್ಧವನ್ನು ನರಮೇಧವೆಂದು ಸಾರುವ ನಿರ್ಣಯವನ್ನು ಸರ್ವಾನುಮತದಿಂದ ಒಪ್ಪಿತು. ವರ್ಷದ ಹಿಂದೆ ಕುಟುಂಬವೆಂದರೇನೆಂಬ ವಿಷಯದಲ್ಲಿ ಎರಡಾಗಿ ಸೀಳಿದ್ದ ಸದಸ್ಯರು ಇಲ್ಲಿ ಒಂದಾದರು. ಕಾಲಾಳುಗಳನ್ನು ಲೆಕ್ಕಕ್ಕೆ ಇಡದ ನೆರೆಯ ದೊಡ್ಡ ರಾಜ್ಯವೊಂದು ಏನು ಮಾಡಬಲ್ಲದೆಂಬುದು ಶಿಲುಬೆಗಳ ಗುಡ್ಡದ ನಾಡಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ನಮ್ಮ ಹೆಣ್ಣುಮಕ್ಕಳ ಮಾತನ್ನು ಆರಂಭದಲ್ಲಿ ಎತ್ತಿದ್ದೆ. ಕರ್ನಾಟಕದ ಪಂಚಾಯತಿಗಳಲ್ಲಿ 2010ರಿಂದ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. 2023ರ ಚುನಾವಣೆಯಲ್ಲಿ ವಿಧಾನಸಭೆಯ 224 ಸ್ಥಾನಗಳಿಗೆ ಗೆದ್ದುಬಂದ ಮಹಿಳೆಯರು ಹತ್ತೇ ಮಂದಿ. ಕೆಳಗಿನ ಸಾಲಿನಲ್ಲಿ ಇಷ್ಟೊಂದು ಮಂದಿ ಇದ್ದೂ ಮೇಲಿನ ಸಾಲಿಗೆ ತಲುಪುವವರು ಇಷ್ಟು ಕಡಮೆ ಏಕೆ? ಎಂಟನೆಯ ಮನೆ ಮುಟ್ಟಿದ ಕಾಲಾಳು ಮಂತ್ರಿಯಾಗುತ್ತದೆ, ನಿಜ. ಆದರೆ ಮಂತ್ರಿಯಾದ ಮೇಲೂ ಅದು ಕಾಯಿಯೇ; ನಡೆಸುವ ಕೈ ಬೇರೆಯವರದು. ಅಧ್ಯಕ್ಷೆಯ ಕುರ್ಚಿಯಲ್ಲಿ ಹೆಂಡತಿ, ಪಕ್ಕದ ಕುರ್ಚಿಯಲ್ಲಿ ಕಡತ ನೋಡುವ ಗಂಡ ಎಂಬ ದೃಶ್ಯವನ್ನು ಕಾಣದ ಹಳ್ಳಿ ಯಾವುದು? ನಮ್ಮ ಧರ್ಮಕೇಂದ್ರಗಳ ಪಾಲನಾ ಸಮಿತಿಗಳಲ್ಲಿಯೂ ಮಹಿಳಾ ಸದಸ್ಯೆಯರಿಗೆ ಹಬ್ಬದ ಊಟದ ಜವಾಬ್ದಾರಿ ಬರುವಷ್ಟು ಸುಲಭವಾಗಿ ಲೆಕ್ಕಪತ್ರದ ಜವಾಬ್ದಾರಿ ಬರುವುದಿಲ್ಲ. ಮಗಳು ಚದುರಂಗದ ಸ್ಪರ್ಧೆಯಲ್ಲಿ ಬಹುಮಾನ ತಂದರೆ ಚಿತ್ರ ತೆಗೆಸಿ ಗೋಡೆಗೆ ಹಾಕುವ ತಂದೆತಾಯಿಯರು, ಅದೇ ಮಗಳು ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿದರೆ ಕೈಹಿಡಿದು ಕೂರಿಸುತ್ತೇವೆ.

ತೆರೇಸಾಳ ಆ ಚದುರಂಗದ ಪುಟಗಳಿಗೆ ಒಂದು ಕಥೆಯಿದೆ. ಗ್ರಂಥವನ್ನು ಎರಡನೆಯ ಬಾರಿ ಬರೆಯುವಾಗ ಆಕೆ ಅವುಗಳನ್ನು ಕೈಬಿಟ್ಟಳು. ಆಟದ ಮಾತು ಮಠಕ್ಕೆ ತಕ್ಕದ್ದಲ್ಲವೆನಿಸಿತೋ ಏನೋ. ಆದರೆ ಮೊದಲ ಬಾರಿ ಬರೆದ ಪ್ರತಿ, ಆಕೆಯ ಕೈಬರಹದಲ್ಲಿಯೇ, ಎಸ್ಕೋರಿಯಲ್ ಅರಮನೆಯ ಗ್ರಂಥಾಲಯದಲ್ಲಿ ಉಳಿದುಕೊಂಡಿತು. ಅದರಿಂದ ಆ ಪುಟಗಳನ್ನು ತೆಗೆದು ಇಂದಿನ ಮುದ್ರಣಗಳಲ್ಲಿ ಮತ್ತೆ ಸೇರಿಸುತ್ತಾರೆ.

ಇತ್ತ ವಿಲ್ನಿಯುಸ್‌ನಲ್ಲಿ 2024ರ ಅಕ್ಟೋಬರಿನ ಚುನಾವಣೆಯಲ್ಲಿ ಆ ಒಕ್ಕೂಟ ಸೋತಿತು. ನವೆಂಬರ್ 14ರಂದು ಹೊಸ ಸೈಮಾಸ್ ಸೇರಿದಾಗ ಮಾಜಿ ಪ್ರಧಾನಿ ಸೌಲ್ಯುಸ್ ಸ್ಕ್ವೆರ್ನೆಲಿಸ್ ಸಭಾಧ್ಯಕ್ಷರಾಗಿ ಆಯ್ಕೆಯಾದರು. ನಾಲ್ಕು ವರ್ಷ ಆ ಪೀಠದಲ್ಲಿದ್ದ ಚ್ಮಿಲೀಟೆ-ನೀಲ್ಸನ್ ಕೆಳಗಿಳಿದು, ಮಾತನಾಡಲು ಅವರ ಅನುಮತಿ ಕೇಳಬೇಕಾದ ಸದಸ್ಯರ ಸಾಲಿನಲ್ಲಿ ಕುಳಿತರು.